ಕರೆಂಟ್ ಹೋದಾಗ ನೀರು ಎಲ್ಲಿಗೆ ಹೋಗುತ್ತೆ?

ಮನೆಯಲ್ಲಿ ಮೀನಿಗೆ ದೊಡ್ಡ ಟ್ಯಾಂಕ್ ಮಾಡಿಸಬೇಕು ಅಂತ ಫೋನ್ ಮಾಡುವವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಯಾವ ಕಂಪನಿ ಫಿಲ್ಟರ್ ಹಾಕ್ತೀರಿ?" ನಾನು ತಿರುಗಿ ಕೇಳುವುದು, "ನಿಮ್ಮ ಏರಿಯಾದಲ್ಲಿ ಕರೆಂಟ್ ಎಷ್ಟೊತ್ತು ಹೋಗುತ್ತೆ? ಫಿಲ್ಟರ್ ತೊಳೆಯೋರು ಯಾರು?" ಮಾತು ಹಾರಿಸುತ್ತಿದ್ದಾನೆ ಅಂದುಕೊಳ್ಳುವವರೂ ಇದ್ದಾರೆ. ಆದರೆ ಬೆಂಗಳೂರಿನ ಮನೆಗಳಿಗೆ ಅಕ್ವೇರಿಯಂ ಕೂರಿಸಿ, ಸರ್ವೀಸ್ ಮಾಡಿಕೊಂಡಿರುವ ನನಗೆ ಆಯ್ಕೆ ಶುರುವಾಗುವುದೇ ಅಲ್ಲಿಂದ.

ಒಂದು ಅಳತೆ ಹಿಡಿದುಕೊಂಡೇ ಮಾತಾಡೋಣ. ಉದ್ದ 8 ಅಡಿ, ಅಗಲ 3, ಎತ್ತರ ಎರಡೂವರೆ. ಅಂದರೆ 60 ಘನ ಅಡಿ, ಸುಮಾರು 1,700 ಲೀಟರ್. ನೀರಿನ ತೂಕವೇ 1.7 ಟನ್. ವಾಸದ ಮನೆಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆಜಿ ಭಾರಕ್ಕೆ ಡಿಸೈನ್ ಮಾಡಿರುತ್ತಾರೆ. ಈ ಟ್ಯಾಂಕ್ ನಿಂತ ಜಾಗದಲ್ಲಿ ನೀರೊಂದರದ್ದೇ ಭಾರ ಹೆಚ್ಚುಕಮ್ಮಿ ಅದರ ನಾಲ್ಕು ಪಟ್ಟು. ಮಹಡಿ ಮನೆ ಅಂದರೆ ಸ್ಟ್ರಕ್ಚರಲ್ ಇಂಜಿನಿಯರ್ ಹೂಂ ಅನ್ನುವ ತನಕ ನಾನು ಅಡ್ವಾನ್ಸ್ ಮುಟ್ಟುವುದಿಲ್ಲ.

ಇಷ್ಟು ನೀರಿಗೆ ಕ್ಯಾನಿಸ್ಟರ್ (ಟ್ಯಾಂಕಿನ ಹೊರಗಿಟ್ಟು ಪೈಪಿನಲ್ಲಿ ನೀರು ಹಾಯಿಸುವ ಫಿಲ್ಟರ್) ಹಾಕಬಾರದು ಅಂತೇನಿಲ್ಲ, ದೊಡ್ಡವು ಮೂರ್ನಾಲ್ಕು ಬೇಕಾಗುತ್ತವೆ. ತೊಂದರೆ ಇರುವುದು ಅದು ಮುಚ್ಚಿದ ಡಬ್ಬ ಅನ್ನುವುದರಲ್ಲಿ. ಮೀನಿನ ಗಲೀಜಿನಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುವ, ಫಿಲ್ಟರಿನೊಳಗೆ ಬೆಳೆಯುವ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಕೇ ಬೇಕು. ಹರಿವು ನಿಂತು ನಾಲ್ಕಾರು ತಾಸು ಕಳೆದರೆ ಡಬ್ಬದೊಳಗಿನ ಆಮ್ಲಜನಕ ಖಾಲಿಯಾಗಿ ನೀರು ಕೊಳೆಯತೊಡಗುತ್ತದೆ. ಕರೆಂಟ್ ಬಂದ ತಕ್ಷಣ ಆ ನೀರು ನೇರ ಟ್ಯಾಂಕಿಗೆ. ಹೊತ್ತುಗಟ್ಟಲೆ ನಿಂತಿದ್ದ ಕ್ಯಾನಿಸ್ಟರನ್ನು ಬಿಚ್ಚಿ, ತೊಳೆದು ಆಮೇಲೆ ಆನ್ ಮಾಡಬೇಕು. ಹೇಳಿಕೊಟ್ಟರೆ ಎಲ್ಲರೂ ತಲೆಯಾಡಿಸುತ್ತಾರೆ. ಬೆಳಗಿನ ಜಾವ ಮೂರಕ್ಕೆ ಕರೆಂಟ್ ಬಂದಾಗ ಎದ್ದು ಬಿಚ್ಚುವವರು ಯಾರು?

ಹಾಗಾಗಿ ನನ್ನ ಮತ ಸಂಪ್ ಫಿಲ್ಟರಿಗೆ. ಟ್ಯಾಂಕಿನ ಕೆಳಗಿನ ಕ್ಯಾಬಿನೆಟ್‌ನಲ್ಲಿ ಇನ್ನೊಂದು ಗಾಜಿನ ತೊಟ್ಟಿ. ಮೇಲಿಂದ ಉಕ್ಕಿದ ನೀರು ಪೈಪಿನಲ್ಲಿ ಇಳಿದು, ಸ್ಪಂಜು, ಬ್ಯಾಕ್ಟೀರಿಯಾ ನೆಲೆಸುವ ಮೀಡಿಯಾ ದಾಟಿ ಕೊನೇ ಚೇಂಬರ್ ಸೇರುತ್ತದೆ. ಅಲ್ಲಿಂದ ಪಂಪ್ ಮತ್ತೆ ಮೇಲಕ್ಕೆತ್ತುತ್ತದೆ. ಬಾಯಿ ತೆರೆದ ತೊಟ್ಟಿಯಾದ್ದರಿಂದ ಗಾಳಿಯಾಡುತ್ತದೆ. ಮೇಲಿನ ಫಿಲ್ಟರ್ ಉಣ್ಣೆಯನ್ನು ಪಂಪ್ ನಿಲ್ಲಿಸದೆಯೇ ಯಾರು ಬೇಕಾದರೂ ಎತ್ತಿ ಬದಲಾಯಿಸಬಹುದು. ಸ್ಪಂಜು ತೊಳೆಯುವುದಿದ್ದರೆ ಮಾತ್ರ ಟ್ಯಾಂಕಿನದೇ ನೀರಿನಲ್ಲಿ. ಕಾವೇರಿ ನೀರಿನ ನಲ್ಲಿ ಕೆಳಗೆ ಹಿಡಿದರೆ ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತವೆ.

ಸಂಪಿನಲ್ಲೂ ಕರೆಂಟ್ ಹೋದ ಗಳಿಗೆಯೇ ಪರೀಕ್ಷೆ, ಅದು ಬೇರೆ ಥರದ್ದು. ಪಂಪ್ ನಿಂತರೆ ನೀರು ಬಂದ ದಾರಿಯಲ್ಲೇ ಹಿಂದಕ್ಕೆ ಇಳಿಯುತ್ತದೆ. ಪಂಪಿನಿಂದ ಮೇಲಕ್ಕೆ ಬರುವ ರಿಟರ್ನ್ ಪೈಪಿನ ಬಾಯಿ ಟ್ಯಾಂಕಿನ ನೀರಿನಲ್ಲಿ ಮುಳುಗಿದ್ದರೆ, ಆ ಬಾಯಿ ಗಾಳಿಗೆ ತೆರೆದುಕೊಳ್ಳುವವರೆಗೂ ಸೈಫನ್ ಎಳೆಯುತ್ತಲೇ ಇರುತ್ತದೆ. ನಮ್ಮ ಟ್ಯಾಂಕಿನಲ್ಲಿ ಒಂದೊಂದು ಸೆಂಟಿಮೀಟರ್ ನೀರು ಅಂದರೆ 22 ಲೀಟರ್. ಬಾಯಿ 5 ಸೆಂಟಿಮೀಟರ್ ಕೆಳಗಿದ್ದರೆ ಇಳಿಯುವುದು 110 ಲೀಟರ್. 5 ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಸಂಪಿನಲ್ಲಿ ಅಷ್ಟು ನೀರು 16 ಸೆಂಟಿಮೀಟರ್ ಏರುತ್ತದೆ. ಸಂಪ್ ಓಡುವಾಗ 25 ಸೆಂಟಿಮೀಟರ್ ಮಟ್ಟದಲ್ಲಿದ್ದರೆ ತೊಂದರೆಯಿಲ್ಲ, ಹಿಡಿಸುತ್ತದೆ.

ಯಲಹಂಕದ ಕಡೆ, ಬೇರೆಯವರು ಕೂರಿಸಿದ್ದ ಇದೇ ಅಳತೆಯ ಟ್ಯಾಂಕ್ ನೋಡಲು ಕರೆದಿದ್ದರು. ಹಾಲ್‌ನಲ್ಲಿದ್ದ ಮರದ ಫ್ಲೋರಿಂಗ್ ಉಬ್ಬಿ ಹಪ್ಪಳ ಆಗಿತ್ತು. ಪಂಪ್, ಗಾಜು, ಅಂಟು ಎಲ್ಲ ಸರಿಯಾಗಿಯೇ ಇತ್ತು. ರಿಟರ್ನ್ ಪೈಪ್ ಮಾತ್ರ, ಸದ್ದು ಬರಬಾರದು ಅಂತ, 15 ಸೆಂಟಿಮೀಟರ್ ಆಳಕ್ಕೆ ಇಳಿಬಿಟ್ಟಿದ್ದರು. 330 ಲೀಟರ್ ಕೆಳಗಿಳಿದಿದೆ. ಸಂಪ್ ಪೂರ್ತಿ ಖಾಲಿಯಿದ್ದರೂ ಹಿಡಿಸುತ್ತಿರಲಿಲ್ಲ. ಪೈಪಿನಲ್ಲಿ ನೀರು ಹಿಂದಕ್ಕೆ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಇತ್ತು. ಬಿಚ್ಚಿ ನೋಡಿದರೆ ಅದರ ಬಾಗಿಲಿಗೆ ಕಾಳಿನಷ್ಟು ಬಸವನಹುಳು ಸಿಕ್ಕಿಕೊಂಡಿತ್ತು. ಆ ವಾಲ್ವನ್ನು ನಂಬಿ ಸಂಪಿನ ಅಳತೆ ಕಡಿಮೆ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕೂರಿಸಿದ ದಿನ ಮನೆಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ನಾನು ಮೇನ್ ಆಫ್ ಮಾಡುತ್ತೇನೆ. ನೀರು ಇಳಿದು ನಿಂತ ಮೇಲೆ ಎಷ್ಟು ಜಾಗ ಉಳಿಯಿತು ನೋಡಿ, ಮತ್ತೆ ಆನ್ ಮಾಡಿ, ಓಡುವಾಗಿನ ಮಟ್ಟಕ್ಕೆ ಕೊನೇ ಚೇಂಬರಿನ ಗಾಜಿನ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆಯುತ್ತೇನೆ. ಬೇಸಿಗೆಯಲ್ಲಿ ನೀರು ಆವಿಯಾಗಿ ಕಮ್ಮಿಯಾಗುವುದು ಕಾಣುವುದೇ ಆ ಚೇಂಬರಿನಲ್ಲಿ. ಕಮ್ಮಿಯಾಯ್ತಲ್ಲ ಅಂತ ಬಕೆಟ್‌ಗಟ್ಟಲೆ ಸುರಿದು ಗೆರೆ ದಾಟಿಸಿದರೆ, ಮುಂದಿನ ಪವರ್ ಕಟ್‌ಗೆ ಆ ಹೆಚ್ಚಿನ ನೀರು ನೆಲಕ್ಕೇ.

ಇಳಿಯುವ ಪೈಪು ಎರಡಿರಲೇಬೇಕು. ಒಂದಕ್ಕೆ ಗೇಟ್ ವಾಲ್ವ್ ಹಾಕಿ ಹದ ಮಾಡಿದರೆ ಗಾಳಿ ಎಳೆಯದೆ ಪೂರ್ತಿ ನೀರಿನಲ್ಲೇ ಓಡುತ್ತದೆ, ಗೊಳಗೊಳ ಸದ್ದಿರುವುದಿಲ್ಲ. ಇನ್ನೊಂದು ಸುಮ್ಮನೆ ಒಣಗಿ ನಿಂತಿರಬೇಕು, ಮೊದಲನೆಯದಕ್ಕೆ ಏನಾದರೂ ಅಡ್ಡ ಬಂದ ದಿನಕ್ಕೆ.

ಪಂಪಿನ ಡಬ್ಬದ ಮೇಲೆ ಬರೆದ ಲೀಟರ್ ನಂಬಬೇಡಿ. ಅದು ಎತ್ತರವೇ ಇಲ್ಲದಾಗಿನ ಲೆಕ್ಕ. ಐದಡಿ ಮೇಲಕ್ಕೆತ್ತಿ, ಪೈಪಿನ ಎಲ್ಬೋ ತಿರುವುಗಳನ್ನು ದಾಟುವಷ್ಟರಲ್ಲಿ ಎಷ್ಟೋ ಪಂಪುಗಳದು ಅರ್ಧಕ್ಕೆ ಇಳಿದಿರುತ್ತದೆ. ನಾನು ರಿಟರ್ನ್ ಪೈಪಿನ ಬಾಯಿಗೆ 20 ಲೀಟರ್ ಬಕೆಟ್ ಹಿಡಿದು ಮೊಬೈಲಿನಲ್ಲಿ ಸಮಯ ನೋಡುತ್ತೇನೆ. 10 ಸೆಕೆಂಡಿಗೆ ತುಂಬಿದರೆ ಗಂಟೆಗೆ 7,200 ಲೀಟರ್, ಅಂದರೆ ಟ್ಯಾಂಕಿನ ನೀರು ಗಂಟೆಗೆ ನಾಲ್ಕು ಸಲ ತಿರುಗುತ್ತದೆ. ಸಾಕು.

ಗೃಹಪ್ರವೇಶದ ದಿನವೇ ಟ್ಯಾಂಕ್ ತುಂಬ ಮೀನು ಓಡಾಡಬೇಕು ಅನ್ನುವವರ ಜೊತೆ ಮಾತ್ರ ನನ್ನದು ಮುಗಿಯದ ಜಗ್ಗಾಟ. ಎಂಥ ಫಿಲ್ಟರ್ ಹಾಕಿದರೂ ಬ್ಯಾಕ್ಟೀರಿಯಾ ಬೆಳೆದು ನಿಲ್ಲಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಬೋರ್‌ವೆಲ್ ನೀರಿನ ಪಿಎಚ್ 8ರ ಹತ್ತಿರ ಇರುವ ಕಡೆ ಇನ್ನೂ ಎಚ್ಚರ, ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಜಾಸ್ತಿ. ಇನ್ನು ಅಂಗಡಿಯಲ್ಲಿ ಬೆರಳುದ್ದ ಇರುವ ರೆಡ್ ಟೇಲ್ ಕ್ಯಾಟ್‌ಫಿಶ್ ಮೂರಡಿ ದಾಟಿ ಬೆಳೆಯುವ ಮೀನು. ಫಿಲ್ಟರಿಗೆ ಹೊರೆ ದಿನಕ್ಕೆ ಹಾಕುವ ಆಹಾರದ್ದು, ಮೀನಿನ ತಲೆ ಎಣಿಸಿ ಪ್ರಯೋಜನವಿಲ್ಲ.

ಮನೆ ಕಟ್ಟುವ ಹಂತದಲ್ಲೇ ನನ್ನನ್ನು ಕರೆದರೆ ಎಲೆಕ್ಟ್ರಿಷಿಯನ್ ಹತ್ತಿರ ಒಂದು ಮಾತು ಹೇಳಿಸುತ್ತೇನೆ: ಟ್ಯಾಂಕ್ ಹಿಂದಿನ ಒಂದು ಸಾಕೆಟ್ ಯುಪಿಎಸ್ ಲೈನಿಗೆ ಬರಲಿ. ಆಮೇಲೆ ಗೋಡೆ ಕೊರೆಯಲು ಯಾರೂ ಒಪ್ಪುವುದಿಲ್ಲ. ಇನ್ವರ್ಟರ್ ಸೈನ್ ವೇವ್ ಆಗಿರಲಿ, ಹಳೇ ಸ್ಕ್ವೇರ್ ವೇವ್‌ನಲ್ಲಿ ಪಂಪ್ ಗುಂಯ್ ಅಂತ ಬಿಸಿಯಾಗುತ್ತದೆ. ಯುಪಿಎಸ್ ಇಲ್ಲವೇ ಇಲ್ಲ ಅಂದರೆ ಬ್ಯಾಟರಿಯ ಏರ್ ಪಂಪ್ ಒಂದಾದರೂ ಇಟ್ಟುಕೊಳ್ಳಿ. ಬಿಲ್ಲಿನ ವಿಷಯವನ್ನೂ ಮೊದಲೇ ಹೇಳಿಬಿಡುತ್ತೇನೆ: 100 ವ್ಯಾಟಿನ ಪಂಪ್ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 72 ಯೂನಿಟ್, ಲೈಟಿನದು ಬೇರೆ.