ಮಳೆ ಕೈಕೊಟ್ಟರೆ ಏನಾಗುತ್ತದೆ?

‘ಈ ವರ್ಷ ಮಳೆ ಕೈಕೊಟ್ಟಿತು’ ಎಂದು ಐದನೆಯ ತರಗತಿಯ ಕರಿಹಲಗೆಯ ಮೇಲೆ ಬರೆದು ಅರ್ಥ ಕೇಳಿದಾಗ, ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದುನಿಂತು, ‘ಮಳೆ ಸಹಾಯ ಮಾಡಿತು ಮಿಸ್’ ಎಂದಳು. ಎಡವಿ ಬಿದ್ದವರಿಗೆ ಕೈಕೊಟ್ಟು ಎಬ್ಬಿಸುವುದನ್ನು ಕಂಡ ಮಗು ಬೇರೆ ಹೇಗೆ ತಿಳಿದೀತು? ಕೊರತೆ ಇದ್ದದ್ದು ನನ್ನ ವಾಕ್ಯದಲ್ಲಿ. ಮರುದಿನ ಅದನ್ನೇ, ‘ಬಿತ್ತನೆ ಮುಗಿದ ಮೇಲೆ ಮಳೆ ಕೈಕೊಟ್ಟಿದ್ದರಿಂದ ಮೊಳೆತ ರಾಗಿಯೆಲ್ಲ ಒಣಗಿಹೋಯಿತು’ ಎಂದು ಬೆಳೆಸಿ ಬರೆದೆ. ಅದೇ ಹುಡುಗಿ ‘ಒಣಗಿಹೋಯಿತು’ ಎಂಬ ಪದದ ಮೇಲೆ ಬೆರಳಿಟ್ಟು, ‘ಹಾಗಾದರೆ ಮಳೆ ಬರಲೇ ಇಲ್ಲ’ ಎಂದಳು.

ನುಡಿಗಟ್ಟುಗಳನ್ನು ಎಡಗಡೆ ಪದ, ಬಲಗಡೆ ಅರ್ಥ ಎಂದು ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವುದನ್ನು ನಾನು ಬಿಟ್ಟದ್ದು ಆಮೇಲೆ. ಪರೀಕ್ಷೆಯಲ್ಲಿ ‘ಸ್ವಂತ ವಾಕ್ಯದಲ್ಲಿ ಬಳಸಿರಿ’ ಎಂದಾಗ ‘ರಾಮನು ಕಾಲಿಗೆ ಬುದ್ಧಿ ಹೇಳಿದನು’ ಎಂದು ಬರೆಯುವ ಮಗುವಿಗೆ ವ್ಯಾಕರಣ ತಪ್ಪಿಲ್ಲವೆಂದು ಅಂಕ ಸಿಗಬಹುದು. ಆದರೆ ರಾಮ ಓಡಿಹೋದನೆಂಬುದು ಆ ಮಗುವಿಗೆ ಹೊಳೆದಿದೆಯೋ ಇಲ್ಲವೋ ಆ ವಾಕ್ಯದಿಂದ ತಿಳಿಯುವುದಿಲ್ಲ.

ಈಗ ನಾನು ಅರ್ಥವನ್ನು ಮೊದಲು ಹೇಳುವುದಿಲ್ಲ. ‘ಮೊಮ್ಮಗ ಗಾಜಿನ ಲೋಟ ಒಡೆದು ಅಳುತ್ತ ನಿಂತಾಗ ಅಜ್ಜಿ ಅವನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡು ತಲೆ ಸವರಿದಳು’ ಎಂದು ಓದಿ, ತಪ್ಪನ್ನು ಊಟದಂತೆ ಹೊಟ್ಟೆಗೆ ಹಾಕಿಕೊಳ್ಳಲಾಗುತ್ತದೆಯೇ ಎಂದು ಕೇಳುತ್ತೇನೆ. ಆಗುವುದಿಲ್ಲ ಎಂಬಲ್ಲಿಗೆ ಹುಡುಕಾಟ ಶುರುವಾಗುತ್ತದೆ. ಅಜ್ಜಿ ಬೈದಳೇ, ಹೊಡೆದಳೇ, ಮುಂದೇನು ಮಾಡಿದಳು ಎಂದು ಕೇಳುತ್ತ ಹೋದರೆ ‘ತಲೆ ಸವರಿದಳು’ ಎಂಬಲ್ಲಿ ಮಕ್ಕಳು ತಾವಾಗಿ ನಿಲ್ಲುತ್ತಾರೆ. ‘ಕ್ಷಮಿಸಿ’ ಎಂಬ ತಮ್ಮ ಊಹೆಯನ್ನು ಅದೇ ಜಾಗದಲ್ಲಿ ಕೂರಿಸಿ, ಇಡೀ ವಾಕ್ಯವನ್ನು ಗಟ್ಟಿಯಾಗಿ ಓದಿ, ಹೊಂದುತ್ತದೆಯೇ ಎಂದು ಅವರೇ ನೋಡಬೇಕು. ಈ ಕೊನೆಯ ಹೆಜ್ಜೆಯನ್ನು ಅವಸರದಲ್ಲಿ ಬಿಡಬಾರದು. ತಪ್ಪು ಊಹೆ ಸಿಕ್ಕಿಬೀಳುವುದು ಅಲ್ಲಿಯೇ.

ಸಂದರ್ಭವೊಂದೇ ಸಾಲದ ಮಾತುಗಳೂ ಇವೆ. ‘ಓದಿಗೆ ಎಳ್ಳುನೀರು ಬಿಟ್ಟು ಕೆಲಸಕ್ಕೆ ಸೇರಿದ’ ಎಂದರೆ ಓದು ನಿಂತಿತೆಂದು ಮಕ್ಕಳು ಸುಲಭವಾಗಿ ಹೇಳುತ್ತಾರೆ. ಆದರೆ ಗತಿಸಿದವರಿಗೆ ಎಳ್ಳು ಬೆರೆಸಿದ ನೀರಿನಿಂದ ತರ್ಪಣ ಕೊಡುವ ಪದ್ಧತಿ ತಿಳಿಯದೆ, ಮತ್ತೆ ಕೈಗೆತ್ತಿಕೊಳ್ಳದಂತೆ ಬಿಟ್ಟನೆಂಬ ಆ ಮಾತಿನ ಭಾರ ತಿಳಿಯದು. ಅದನ್ನು ಶಿಕ್ಷಕರೇ ಹೇಳಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಕೂಡ ಬರಿಯ ಅರ್ಥಕ್ಕೆ ನಿಲ್ಲದೆ ಕಾವ್ಯ, ಶಾಸನಗಳ ಪ್ರಯೋಗಗಳನ್ನು ಕೊಡುತ್ತದೆ. ದೊಡ್ಡವರಿಗೇ ಪ್ರಯೋಗ ಬೇಕಾದರೆ ಹತ್ತು ವರ್ಷದ ಮಕ್ಕಳಿಗೆ ಬೇಡವೇ?

ಈಗ ತರಗತಿಯಲ್ಲಿ ಒಂದೇ ನಿಯಮ: ಆ ನುಡಿಗಟ್ಟನ್ನು ಎಂದೂ ಕೇಳದ ಗೆಳೆಯನಿಗೂ ಅರ್ಥ ಹೊಳೆಯುವಂತೆ ವಾಕ್ಯ ಬರೆಯಬೇಕು. ಮನೆಯಲ್ಲಿ ಲಂಬಾಣಿ ಮಾತಾಡುವ ಹುಡುಗನೊಬ್ಬ, ಕನ್ನಡದಲ್ಲಿ ಹಿಂದೆಂದೂ ಎರಡು ಸಾಲು ದಾಟದವನು, ಕಳೆದ ವಾರ ಬರೆದು ತೋರಿಸಿದ: ‘ನಾಯಿ ಗುರ್ ಎಂದ ಕೂಡಲೇ ನಾನು ಚಪ್ಪಲಿಯನ್ನೂ ಬಿಟ್ಟು ಕಾಲಿಗೆ ಬುದ್ಧಿ ಹೇಳಿದೆ, ತಿರುಗಿ ನೋಡಿದ್ದು ಮನೆಯ ಬಾಗಿಲು ಹಾಕಿದ ಮೇಲೆ.’