ಈ ಸಲ ಚಕ್ಕೋತದ ಘಮ ಬಂತು

ಮನೆಯಲ್ಲೇ ಬಿಯರ್ ಮಾಡಲು ಸಿಗುವ ಕಿಟ್ ತಂದಿದ್ದೆ, ಈ ಸಲ ಅದರ ಡಬ್ಬದ ಮೇಲೆ ಬರೆದಂತೆ ಮಾಡಲಿಲ್ಲ. ಒಂದು ಕಿಲೋ ಸಕ್ಕರೆ ಅಂತ ಇತ್ತು. ಅದರ ಬದಲು ಮೊಳಕೆ ಬರಿಸಿದ ಬಾರ್ಲಿಯಿಂದ ಮಾಡುವ ಒಣ ಮಾಲ್ಟ್ ಪುಡಿ ಹಾಕಿದೆ. ಸಕ್ಕರೆಯನ್ನು ಯೀಸ್ಟ್ ಪೂರ್ತಿ ತಿಂದುಬಿಡುತ್ತದೆ, ಬಿಯರ್ ನೀರುನೀರಾಗುತ್ತದೆ. ಮಾಲ್ಟ್ ಹಾಕಿದರೆ ಬಾಯಿಗೆ ಸ್ವಲ್ಪ ಗಟ್ಟಿ ಅನಿಸುತ್ತದೆ.

ನಿಜವಾದ ಖುಷಿ ಹಾಪ್ಸ್‌ನದು, ಅಂದರೆ ಬಿಯರ್‌ಗೆ ಕಹಿ, ಘಮ ಎರಡೂ ಕೊಡುವ ಒಂದು ಬಳ್ಳಿಯ ಹೂವು. ಕಿಟ್‌ನ ಪಾಕದಲ್ಲಿ ಕಹಿ ಮೊದಲೇ ಇರುತ್ತದೆ, ಕಡಿಮೆ ಇರುವುದು ಘಮ. ಹಾಪ್ಸ್ ಜಾಸ್ತಿ ಹೊತ್ತು ಕುದಿಸಿದರೆ ಕಹಿ ಬಿಡುತ್ತದೆ, ಪರಿಮಳ ಹಾರಿಹೋಗುತ್ತದೆ. ಸಾರಿಗೆ ಕೊತ್ತಂಬರಿ ಸೊಪ್ಪನ್ನು ಕೊನೆಗೆ ಹಾಕುತ್ತೇವಲ್ವಾ, ಹಾಗೆಯೇ ಇದೂ. ಹುದುಗುವ ಜೋರು ಇಳಿದ ಮೇಲೆ 25 ಗ್ರಾಂ ಕ್ಯಾಸ್ಕೇಡ್ ಅನ್ನುವ ತಳಿಯ ಹಾಪ್ಸ್ ಹಾಕಿ ಮೂರು ದಿನ ಸುಮ್ನೆ ಬಿಟ್ಟೆ. ಮುಚ್ಚಳ ತೆಗೆದರೆ ದೇವನಹಳ್ಳಿ ಚಕ್ಕೋತ ಸುಲಿದ ಹಾಗೆ ಘಮ!

ಬೆಂಗಳೂರಿನ ಡಿಸೆಂಬರ್ ಚಳಿಯೂ ಕೈಹಿಡಿಯಿತು. ನಾನು ಮಾಡಿದ್ದು ಏಲ್ ಅನ್ನುವ ಬಗೆಯ ಬಿಯರ್, ಅದರ ಯೀಸ್ಟ್‌ಗೆ 18ರಿಂದ 20 ಡಿಗ್ರಿ ಹಿತ. ಮಧ್ಯಾಹ್ನ ಮಾತ್ರ ಬಕೆಟ್‌ಗೆ ಒದ್ದೆ ಟವೆಲ್ ಸುತ್ತಿದೆ. ಆಗ ಅಜ್ಜಿ ನೆನಪಾದರು. ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಉಬ್ಬಲಿ ಅಂತ ಪಾತ್ರೆಗೆ ಕಂಬಳಿ ಹೊದಿಸುತ್ತಿದ್ದರು. ರಾತ್ರಿ ಎದ್ದು ಮುಟ್ಟಿ ನೋಡುತ್ತಿದ್ದರು. ನಾನೂ ಹಾಗೇ ಮುಟ್ಟಿ ನೋಡುತ್ತಿದ್ದೆ.

ಮುಂದಿನ ಸಲ ಗೋಧಿ ಬಿಯರ್ ಕಿಟ್. ಜಜ್ಜಿದ ಕೊತ್ತಂಬರಿ ಬೀಜ, ಕೊಡಗಿನ ಕಿತ್ತಳೆ ಸಿಪ್ಪೆ. ಸಿಪ್ಪೆ ಈಗಲೇ ಒಣಗಿಸಿ ಇಟ್ಟಿದ್ದೇನೆ.