ಇಳಿತದ ಹೊತ್ತಿನ ಅಘನಾಶಿನಿ ಅಳಿವೆ

ಉತ್ತರ ಕನ್ನಡದಲ್ಲಿ ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯ ದಡದ ತದಡಿಗೆ ಬರುವವರು ಹೆಚ್ಚಾಗಿ ನೀರು ತುಂಬಿದಾಗಲೇ ಬಂದು, ಆಚೆ ದಡದ ಅಘನಾಶಿನಿ ಊರನ್ನು ನೋಡಿ ಹೊರಟುಬಿಡುತ್ತಾರೆ. ಇಳಿತಕ್ಕೆ ಬನ್ನಿ. ಮರಳದಿಬ್ಬ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರು, ಬಳಚು ಎಂಬ ಚಿಪ್ಪುಜೀವಿ ಆರಿಸುವವರು, ಎಲ್ಲ ಕಾಣುವುದು ಆಗಲೇ.

ಲೆಕ್ಕ ಕಷ್ಟದ್ದಲ್ಲ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಇವತ್ತು ಬೆಳಿಗ್ಗೆ 8ಕ್ಕೆ ನೀರು ತುಂಬಿದ್ದರೆ ನಾಳೆ 8.50ರ ಆಸುಪಾಸು. ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನ ನೀರು ಜಾಸ್ತಿ ಏರಿ ಜಾಸ್ತಿ ಇಳಿಯುತ್ತದೆ. ಅಷ್ಟಮಿ ಕಳೆದ ಮೇಲೆ ಏರಿಳಿತ ಮಂದ. ಕಾರವಾರದ ಉಬ್ಬರಪಟ್ಟಿ ಹಿಡಿದು ಹೊರಟರೆ ಅಳಿವೆ ಬಾಯಿಗೆ ಸರಿಹೋಗುತ್ತದೆ, ಒಳಗೆ ಮಿರ್ಜಾನದ ಕಡೆ ಹೊತ್ತು ಸ್ವಲ್ಪ ತಡ. ದೋಣಿಯವರು ಅಳಿವೆ ದಾಟಲು ಏರುನೀರನ್ನೇ ಕಾಯುತ್ತಾರೆ. ಇಳಿನೀರು ಹೊರಗೆ ನುಗ್ಗುವಾಗ ಸಮುದ್ರದ ಅಲೆ ಎದುರಿಗೆ ಬಂದರೆ, ಮರಳದಿಬ್ಬದ ಮೇಲೆ ಅಲೆ ಕಡಿದಾಗಿ ಎದ್ದು ಒಡೆಯುತ್ತದೆ. ದೋಣಿ ಮಗುಚುವುದು ಅಲ್ಲೇ.

ದಡದಲ್ಲಿ ಉಪ್ಪಟ್ಟಿ ಎಂಬ ಕಾಂಡ್ಲಾ ಗಿಡದ ಒಂದು ಎಲೆ ತಿರುಗಿಸಿ ನೋಡಿ. ಒಣಹವೆಯ ದಿನ ಎಲೆಯ ಮೇಲೆ ಬಿಳಿ ಪುಡಿ ಕೂತಿರುತ್ತದೆ, ನಾಲಗೆಗೆ ತಾಗಿಸಿದರೆ ಉಪ್ಪು. ಗಿಡ ಹೀರಿದ ಉಪ್ಪನ್ನು ಎಲೆಯಿಂದಲೇ ಹೊರಹಾಕುತ್ತದೆ.

ಇದೇ ನೀರಿನ ದಾರಿಯಲ್ಲಿ 16ನೇ ಶತಮಾನದಲ್ಲಿ ಘಟ್ಟದ ಕಾಳುಮೆಣಸು ಹಡಗಿಗೆ ಇಳಿಯುತ್ತಿತ್ತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಮಿರ್ಜಾನದ ಕೆಂಪು ಚಿರೆಕಲ್ಲಿನ ಕೋಟೆಯನ್ನು ಹೆದ್ದಾರಿಯಿಂದ ಬಂದು ನೋಡಿದರೆ, ಅದನ್ನು ಅಲ್ಲೇ ಯಾಕೆ ಕಟ್ಟಿದರು ಎನ್ನುವುದು ಹೊಳೆಯುವುದೇ ಇಲ್ಲ. ಹೊಳೆಯ ಕಡೆಯಿಂದ ಯೋಚಿಸಬೇಕು.

ನನಗೆ ಕೋಟೆಗಿಂತ ದೊಡ್ಡ ಪರಂಪರೆ ಅನ್ನಿಸುವುದು ಗಜನಿ. ಒಡ್ಡು ಕಟ್ಟಿ, ಅದರಲ್ಲಿ ಜಂತ್ರಡಿ ಎಂಬ ಹಲಗೆಯ ನೀರುಬಾಗಿಲು ಕೂರಿಸಿದ ಗದ್ದೆ ಅದು. ಮಳೆಗಾಲದಲ್ಲಿ ಉಬ್ಬರಕ್ಕೆ ಬಾಗಿಲು ಮುಚ್ಚಿ ಉಪ್ಪುನೀರು ತಡೆಯುವುದು, ಇಳಿತಕ್ಕೆ ತೆರೆದು ಮಳೆನೀರು ಬಿಡುವುದು. ಉಪ್ಪು, ನೆರೆ ಎರಡನ್ನೂ ತಾಳುವ ಕಗ್ಗ ಭತ್ತ ಬೆಳೆಯುವುದು ಹೀಗೆ. ಗೊಬ್ಬರ ಬೇಡ, ಹೊಳೆ ತರುವ ಗೋಡುಮಣ್ಣು ಸಾಕು. ತೆನೆ ಮಾತ್ರ ಕೊಯ್ದು ಹುಲ್ಲನ್ನು ನೀರಿಗೇ ಬಿಡುತ್ತಾರೆ. ಆಮೇಲೆ ಲೆಕ್ಕ ಉಲ್ಟಾ: ಉಬ್ಬರಕ್ಕೆ ಬಾಗಿಲು ತೆರೆದು ಮೀನು-ಸೀಗಡಿ ಮರಿ ಒಳಗೆ ಬಿಡುವುದು, ಅವು ಬೆಳೆದ ಮೇಲೆ ಇಳಿತದಲ್ಲಿ ಬಾಗಿಲಿಗೆ ಬಲೆ ಕಟ್ಟುವುದು.

ಕೆಡುವುದು ಸಣ್ಣದರಿಂದ. ಏಡಿ ಒಡ್ಡಿನಲ್ಲಿ ತೂತು ಕೊರೆಯುತ್ತದೆ, ಜಿನುಗು ದೊಡ್ಡದಾಗುತ್ತದೆ, ಆಷಾಢದ ದೊಡ್ಡ ಉಬ್ಬರಕ್ಕೆ ಒಡ್ಡು ಒಡೆಯುತ್ತದೆ. ಒಂದು ಗಜನಿಯಲ್ಲಿ ಹತ್ತಾರು ಮನೆಯ ಗದ್ದೆ. ಒಬ್ಬರು ತಮ್ಮ ಪಾಲಿನ ಒಡ್ಡು ಬಿಟ್ಟರೂ ಎಲ್ಲರ ಪೈರು ಹೋಗುತ್ತದೆ. ಸೀಗಡಿಯ ದುಡ್ಡು ಕಂಡ ಮೇಲೆ ಕಗ್ಗ ಬಿತ್ತುವವರು ಕಡಿಮೆಯಾದರು, ಇದು ನೋವಿನ ಸಂಗತಿ. ಅಣೆಕಟ್ಟಿಲ್ಲದ ಈ ಹೊಳೆಯ ಅಳಿವೆ 2024ರಲ್ಲಿ ಜಾಗತಿಕ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಆದರೂ ಮಳೆಗೆ ಮೊದಲು ಏಡಿ ತೂತು ಹುಡುಕಿ ಜೇಡಿಮಣ್ಣು ತುಂಬಬೇಕಾದವರು ಗದ್ದೆಯವರೇ.